ನೂರ ಎಂಬತ್ತು ವ್ಯಾಟಿನ ಮಾತು

ಮನೆಯಲ್ಲಿಡುವ ಕಂಪ್ಯೂಟರು ನೂರ ಎಂಬತ್ತು ವ್ಯಾಟಿಗಿಂತ ಹೆಚ್ಚು ವಿದ್ಯುತ್ ಎಳೆಯಕೂಡದು ಎಂಬ ನಿಯಮ ಬಂದಾಗ ಗದಗಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಊರಾಚೆ ಹಳೆಯ ಹತ್ತಿ ಗಿರಣಿಯ ಜಾಗದಲ್ಲಿ ಅಷ್ಟರಲ್ಲಾಗಲೇ ದೊಡ್ಡ ಡೇಟಾ ಸೆಂಟರ್ ಎದ್ದಿತ್ತು. ಜನ ಅದನ್ನೂ ಗಿರಣಿ ಎಂದೇ ಕರೆದರು. ಹಿಂದಿನದು ಹತ್ತಿ ತಿನ್ನುತ್ತಿತ್ತು, ಇದು ವಿದ್ಯುತ್ ತಿನ್ನುತ್ತಿತ್ತು. ಹಿಂದಿನದು ಅರ್ಧ ಊರಿಗೆ ಕೂಲಿ ಕೊಟ್ಟಿತ್ತು, ಇದು ಗೇಟು ಕಾಯಲು ಕೆಲವರನ್ನು ಇಟ್ಟುಕೊಂಡಿತ್ತು. ನಾಡಿನ ತುಂಬ ಇಂಥ ಗಿರಣಿಗಳಾದ ಮೇಲೆ ಉಳಿದವರಿಗೆ ವಿದ್ಯುತ್ತನ್ನು ಅಳೆದು ಕೊಡುವ ಕಾಲ ಬಂತು. ಕಂಪ್ಯೂಟರಿನ ಒಳಗೆ ಎಸ್‌ಎಂಪಿಎಸ್ ಎಂಬ ತಗಡಿನ ಡಬ್ಬಿ ಇರುತ್ತದೆ. ಗೋಡೆಯಿಂದ ಬಂದ ವಿದ್ಯುತ್ತನ್ನು ಒಳಗಿನ ಭಾಗಗಳಿಗೆ ಹಂಚುವುದು ಅದರ ಕೆಲಸ. ಈಗ ಆ ಡಬ್ಬಿ ಕಾರ್ಖಾನೆಯಲ್ಲೇ ಮೊಹರಾಗಿ ಬರತೊಡಗಿತು. ಅದನ್ನು ಕಿತ್ತು ದೊಡ್ಡದನ್ನು ಹಾಕಿದರೆ ಕಂಪ್ಯೂಟರು ಚಾಲೂ ಆಗುತ್ತಿರಲಿಲ್ಲ.

ಫಕೀರೇಶ ಮಡಿವಾಳರನಿಗೆ ಈ ನಿಯಮದಲ್ಲಿ ತಪ್ಪೇನೂ ಕಂಡಿರಲಿಲ್ಲ. ಅವನು ಸಬ್‌ಸ್ಟೇಷನ್ನಿನ ಕಂಟ್ರೋಲ್ ರೂಮಿನಲ್ಲಿ ಆಪರೇಟರ್. ಇರುವುದು ಇಷ್ಟೇ ಎಂದಮೇಲೆ ಹಂಚಿ ತಿನ್ನಬೇಕು ಎಂಬುದು ಅವನ ಕಸುಬಿನ ಮೊದಲ ಪಾಠ. ಮೇಲಿನ ಕಚೇರಿಯಿಂದ ಲೋಡ್ ಇಳಿಸಿ ಎಂದು ಫೋನ್ ಬಂದ ಕೂಡಲೇ ಅವನು ಒಂದಲ್ಲ ಒಂದು ಫೀಡರ್ ತೆಗೆಯಬೇಕಿತ್ತು. ಫೀಡರ್ ಎಂದರೆ ಒಂದಷ್ಟು ಊರುಗಳಿಗೆ ವಿದ್ಯುತ್ ಒಯ್ಯುವ ಮಾರ್ಗ. ಗಿರಣಿಯ ಫೀಡರನ್ನು ಮುಟ್ಟುವಂತಿರಲಿಲ್ಲ. ಆಸ್ಪತ್ರೆಯದನ್ನೂ ಮುಟ್ಟುವಂತಿರಲಿಲ್ಲ. ಉಳಿದವುಗಳಲ್ಲಿ ಸರದಿಯ ಪ್ರಕಾರ ತೆಗೆಯಬೇಕೆಂದು ನಿಯಮವಿತ್ತು. ಕಂಟ್ರೋಲ್ ರೂಮಿನಲ್ಲಿ ಮಾತ್ರ ಬೇರೆಯೇ ರೂಢಿ ಬೆಳೆದಿತ್ತು: ಯಾವ ಊರಿನವರು ಫೋನ್ ಮಾಡಿ ಬೈಯುವುದಿಲ್ಲವೋ ಅವರದನ್ನು ಮೊದಲು ತೆಗೆ.

"ಕಲ್ಲಬಾವಿ ತಗೀರಿ ಮಡಿವಾಳರ," ಎನ್ನುತ್ತಿದ್ದ ಜೊತೆಯ ಆಪರೇಟರ್ ಗುರುನಾಥ ಪತ್ತಾರ, ಚಹಾದ ಕಪ್ಪನ್ನು ಪ್ಯಾನೆಲ್ಲಿನ ಅಂಚಿಗೆ ಇಡುತ್ತ. "ಬಾಳ ಚಲೋ ಮಂದಿ. ಒಂದ ಬೈಗಳಾ ಇಲ್ಲ."

"ಅದಕ್ಕ ಅವರಿಗೆ ಕತ್ತಲಿ ಏನ್ರಿ?"

"ಮತ್ತ? ಬೈಯೋ ಮಂದೀದ ತಗದು ನಿಮ್ಮ ತಾಯಿ, ನಮ್ಮ ತಾಯಿ ಇಬ್ಬರನೂ ನೆನಸ್ಕೊಳ್ಳೂಣೇನು?"

ಫಕೀರೇಶ ನಕ್ಕು ಗುಂಡಿ ಒತ್ತುತ್ತಿದ್ದ. ಕಲ್ಲಬಾವಿ ಫೀಡರಿನ ಮೀಟರಿನಲ್ಲಿ ಮುಳ್ಳು ಸೊನ್ನೆಗೆ ಇಳಿಯುತ್ತಿತ್ತು. ಇಳಿಯುವ ಮುಳ್ಳನ್ನು ಕಂಡರೆ ಅವನ ಎದೆ ಹಗುರಾಗುತ್ತಿತ್ತು. ಏರುವ ಮುಳ್ಳು ಅಪಾಯ, ಇಳಿಯುವ ಮುಳ್ಳು ಕ್ಷೇಮ. ಇಪ್ಪತ್ತಕ್ಕೂ ಮಿಕ್ಕ ವರ್ಷಗಳ ನೌಕರಿ ಅವನ ಕಣ್ಣಿಗೆ ಕಲಿಸಿದ್ದು ಅದು.

ಅವನ ಹೆಂಡತಿ ನೀಲಗಂಗಾ ಮನೆಯಲ್ಲಿ ಕುಬಸ ಹೊಲಿಯುತ್ತಿದ್ದವಳು. ಹೊಲಿಯುವಾಗ ತುಟಿಗಳ ನಡುವೆ ಟಾಚಣಿ ಸೂಜಿ ಕಚ್ಚಿಕೊಂಡಿರುತ್ತಿದ್ದುದರಿಂದಲೋ ಏನೋ, ಅವಳ ಮಾತು ಯಾವಾಗಲೂ ಗಿಡ್ಡ. ಅಳತೆ ತಪ್ಪಿತೆಂದು ಗಿರಾಕಿ ಜಗಳಕ್ಕೆ ಬಂದರೂ, ಗಂಡ ಹಬ್ಬದ ದಿನವೇ ಡ್ಯೂಟಿಗೆ ಹೊರಟರೂ, ಅವಳು ಅನ್ನುತ್ತಿದ್ದುದು ಒಂದೇ: "ಇರ್ಲಿ." ಅದು ಒಪ್ಪಿಗೆಯೋ ಮುನಿಸೋ ಎಂದು ಫಕೀರೇಶ ಒಮ್ಮೆಯೂ ಕೇಳಿರಲಿಲ್ಲ. ಕೇಳಬೇಕು ಅನ್ನಿಸಿರಲೂ ಇಲ್ಲ.

ಒಂದು ಮುಂಜಾನೆ ಅವಳು ಹೊಲಿಗೆ ಮಷಿನ್ನಿನ ಮೇಲೆಯೇ ಕುಸಿದಳು. ಮಿದುಳಿನ ಬುಡದಲ್ಲಿ ರಕ್ತ ಸೋರಿತ್ತು. ಜೀವ ಉಳಿಯಿತು, ಅರಿವೂ ಉಳಿಯಿತು ಎಂದರು ಡಾಕ್ಟರು. ಕಿವಿ ಕೇಳುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ, ನೋವೂ ಗೊತ್ತಾಗುತ್ತದೆ. ಆದರೆ ಮೈಯ ಒಂದು ಸ್ನಾಯುವೂ ಅವಳು ಹೇಳಿದಂತೆ ಕೇಳುವುದಿಲ್ಲ. ಕಣ್ಣು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು; ಅದು ಕೂಡ ಅವಳ ಇಚ್ಛೆಯಿಂದಲ್ಲ. ಉಸಿರಿಗೆ ಗಂಟಲಲ್ಲೊಂದು ತೂತು, ಗಂಜಿಗೆ ಹೊಟ್ಟೆಯಲ್ಲೊಂದು ನಳಿಕೆ.

ಅಂಥವರಿಗಾಗಿ ಸರಕಾರ ಕೊಡುತ್ತಿದ್ದ ಟೊಪ್ಪಿಗೆ ಕೆಲವು ತಿಂಗಳ ನಂತರ ಮನೆಗೆ ಬಂತು. ಕೂಸಿನ ಟೊಪ್ಪಿಗೆಯಂತೆ ಗದ್ದದ ಕೆಳಗೆ ಕಟ್ಟುವ ಲಾಡಿಯಿದ್ದುದರಿಂದ ಫಕೀರೇಶನ ತಂಗಿ ಕಸ್ತೂರಿ ಅದಕ್ಕೆ ಕುಲಾವಿ ಎಂದಳು, ಆ ಹೆಸರೇ ನಿಂತಿತು. ಮನುಷ್ಯ ಮಾತಾಡಬೇಕೆಂದುಕೊಂಡಾಗ ಮಿದುಳು ನಾಲಗೆಗೂ ತುಟಿಗೂ ಆಜ್ಞೆ ಕಳಿಸುತ್ತದೆ. ನೀಲಗಂಗಾಳ ಮಿದುಳು ಆಜ್ಞೆ ಕಳಿಸುತ್ತಲೇ ಇತ್ತು, ತಲುಪುವ ದಾರಿ ಮಾತ್ರ ಕಡಿದುಹೋಗಿತ್ತು. ಕುಲಾವಿಯ ಒಳಗಿನ ಸೂಕ್ಷ್ಮ ಗುಂಡಿಗಳು ತಲೆಬುರುಡೆಯ ಹೊರಗಿನಿಂದಲೇ ಆ ಆಜ್ಞೆಯನ್ನು ಆಲಿಸುತ್ತಿದ್ದವು. ಸಿಗುವುದು ಸಂತೆಯ ಗದ್ದಲದಲ್ಲಿ ಒಬ್ಬರ ಪಿಸುಮಾತಿನಷ್ಟು. ಅದನ್ನು ಗದ್ದಲದಿಂದ ಬಿಡಿಸಲು ಕೋಟಿಗಟ್ಟಲೆ ಸಣ್ಣ ಲೆಕ್ಕಗಳನ್ನು ಒಟ್ಟೊಟ್ಟಿಗೆ ಮಾಡಬೇಕು. ಹಾಗೆ ಮಾಡಬಲ್ಲದ್ದು ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್, ಮೂಲತಃ ಆಟಗಳ ಚಿತ್ರ ಬಿಡಿಸಲೆಂದು ಹುಟ್ಟಿದ ಭಾಗ. ಈ ಲೆಕ್ಕವನ್ನು ಗಿರಣಿಗೆ ಕಳಿಸಿ ಮಾಡಿಸಿಕೊಂಡರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯುತ್ತಿತ್ತು. ಆದರೆ ಒಬ್ಬರ ಮಿದುಳಿನ ಸಂಕೇತ ಮನೆಯ ಹೊಸ್ತಿಲು ದಾಟಕೂಡದೆಂದು ಕಾನೂನು ಇತ್ತು. ಒಳ್ಳೆಯ ಕಾನೂನೇ. ಅದರಿಂದಾಗಿ ಎಲ್ಲ ಲೆಕ್ಕವೂ ಕಪಾಟಿನ ಪಕ್ಕದ ಅಗ್ಗದ ಕಂಪ್ಯೂಟರಿನಲ್ಲೇ ಆಗಬೇಕಿತ್ತು, ಅದರಲ್ಲಿದ್ದ ಹಳೆಯ ಕಾರ್ಡಿಗೆ ಒಂದು ಶಬ್ದ ಬಿಡಿಸಲು ನಾಲ್ಕು ನಿಮಿಷ ಬೇಕಿತ್ತು.

ಅವಳ ಹಳೆಯ ಫೋನ್ ಸಂದೇಶಗಳಿಂದ ದನಿಯನ್ನು ತಯಾರಿಸಿಕೊಂಡಿದ್ದ ಯಂತ್ರ ಮೊದಲು ಆಡಿದ ಶಬ್ದ "ಕಿಟಕಿ". ಫಕೀರೇಶ ಓಡಿಹೋಗಿ ಕಿಟಕಿ ತೆರೆದ. ಹಾಸಿಗೆಯ ಪಕ್ಕ ಕುಳಿತು ಕಾದ. ನಾಲ್ಕು ನಿಮಿಷದ ಮೇಲೆ "ಬ್ಯಾಡ" ಎಂದಿತು ಯಂತ್ರ. ಬಿಸಿಲು ನೇರ ಅವಳ ಕಣ್ಣಿಗೇ ಬೀಳುತ್ತಿತ್ತು. ಕಸ್ತೂರಿ ನಗುತ್ತ ನಗುತ್ತ ಅಳತೊಡಗಿದಳು.

ಫಕೀರೇಶ ಕಚೇರಿಯ ಗುಜರಿಯಿಂದ ಹಳೆಯ ಮುಳ್ಳಿನ ವ್ಯಾಟ್ ಮೀಟರೊಂದನ್ನು ತಂದು ಕಂಪ್ಯೂಟರಿನ ತಂತಿಗೆ ಜೋಡಿಸಿದ್ದ. ನೀಲಗಂಗಾ ಸುಮ್ಮನಿದ್ದಾಗ ಮುಳ್ಳು ಎಪ್ಪತ್ತರಲ್ಲಿ ನಿಲ್ಲುತ್ತಿತ್ತು. ಅವಳು ಏನನ್ನೋ ಹೇಳಲು ಹೊರಟರೆ ಕಾರ್ಡಿಗೆ ಕೆಲಸ ಬಿದ್ದು ಮುಳ್ಳು ನೂರು ದಾಟುತ್ತಿತ್ತು. ಮೆಲ್ಲಗೆ ಏರುವ ಮುಳ್ಳನ್ನು ಕಂಡು, "ಹೇಳಾಕತ್ತಾಳ, ಹೇಳಾಕತ್ತಾಳ," ಎಂದು ಎಲ್ಲರೂ ಬಾಯಿ ಮುಚ್ಚಿ ಕಾಯುತ್ತಿದ್ದರು. ಆದರೆ ಕಾಯುವುದಕ್ಕೂ ಒಂದು ಮಿತಿಯಿದೆ. ನೋಡಲು ಬಂದ ನೆಂಟರು ಎರಡನೆಯ ಶಬ್ದ ಬರುವ ಹೊತ್ತಿಗೆ ಚಪ್ಪಲಿ ಹುಡುಕುತ್ತಿದ್ದರು. ಡ್ಯೂಟಿ ಮುಗಿಸಿ ಬಂದ ಫಕೀರೇಶ ಮೂರು ಶಬ್ದದ ಒಂದು ವಾಕ್ಯ ಕೇಳುವಷ್ಟರಲ್ಲಿ ಕುರ್ಚಿಯಲ್ಲೇ ತೂಕಡಿಸುತ್ತಿದ್ದ. ಎಚ್ಚರಾದಾಗ ವಾಕ್ಯದ ಕೊನೆ ಮಾತ್ರ ಕಿವಿಗೆ ಬಿದ್ದಿರುತ್ತಿತ್ತು.

ಹಾಗಾಗಿ ಅವನು ಬಸ್ ಸ್ಟ್ಯಾಂಡ್ ಎದುರಿನ ದಾವಲ್ ನದಾಫನ ಅಂಗಡಿಗೆ ಹೋದ. ದಾವಲ್ ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡುತ್ತಿದ್ದವನು. ಕೈ ಓಡಿದಂತೆ ಬಾಯಿಯೂ ಓಡುತ್ತಿತ್ತು. ಗಿರಣಿಯವರು ಹಳತಾಯಿತೆಂದು ಮಾರಿದ ಒಂದು ಕಾರ್ಡನ್ನು ಅವನು ಮೇಜಿನ ಮೇಲಿಟ್ಟ.

"ಇದು ಕಾರ್ಡ್ ಅಲ್ರಿ ಸಾಹೇಬ್ರ, ಗೂಳಿ. ನಿಮ್ಮ ಮನಿ ಡಬ್ಬಿ ಹಾಕೂದು ಒಂದ ಹಿಡಿ ಮೇವು."

"ಎಷ್ಟ ತಿಂತೈತಿ?"

"ಪೂರಾ ದುಡದ್ರ ಇದೊಂದ ನೂರ ಅರವತ್ತು. ನಿಮ್ಮ ಡಬ್ಬಿ ಎಲ್ಲಾ ಕೂಡಿ ನೂರ ಎಂಬತ್ತು. ಪ್ರೊಸೆಸರ್ ಏನ್ ಉಪವಾಸ ಮಾಡತೈತೇನ್ರಿ?"

"ದೊಡ್ಡ ಡಬ್ಬಿ ಹಾಕಾಕ..."

"ಮೊಹರ ಐತಿ. ಕರೆಂಟಿನ ಮಂದಿ ನೀವ ಹಿಂಗ ಕೇಳಿದ್ರ ನಾವೇನ್ ಹೇಳೂದ್ರಿ?" ದಾವಲ್ ಕಾರ್ಡಿನ ಮೂಲೆಯಲ್ಲಿದ್ದ ಆರು ತೂತುಗಳನ್ನು ತೋರಿಸಿದ. "ಇಲ್ಲಿ ಬ್ಯಾರೇ ಕರೆಂಟ್ ಕೊಡಬೇಕು. ನಿಮ್ಮ ಡಬ್ಬಿಗೆ ಆ ತಂತೀನ ಇಲ್ಲ. ಡಿಸ್ಕಿನ ಎರಡು ತಂತಿ ಕೂಡಿಸಿ ಕೊಡಬಹುದು. ಆದ್ರ ಗೂಳಿ ಜಗ್ಗಿತು ಅಂದ್ರ ಡಬ್ಬಿ ಡಬ್ ಅಂತೈತಿ."

ಫಕೀರೇಶನಿಗೆ ಇದು ಹೊಸ ಸಮಸ್ಯೆ ಅನ್ನಿಸಲಿಲ್ಲ. ದಿನವೂ ಮಾಡುತ್ತಿದ್ದ ಕೆಲಸವೇ. "ಹಂಗಾರ ಲೋಡ್ ಇಳಸು," ಎಂದ.

"ಇಳಸಬಹುದು. ಅರವತ್ತೈದು ವ್ಯಾಟಿಗೆ ಕಟ್ಟಿ ಹಾಕ್ತೀನಿ. ಆದ್ರ ಒಂದ್ ಮಾತು. ಅರ್ಧ ಮೇವಿಗೆ ಅರ್ಧ ಕೆಲಸ ಮಾಡೂ ಪ್ರಾಣಿ ಅಲ್ಲ ಇದು. ನೂರರ ತನಕ ಇಳಿಸಿದ್ರ ಗೊತ್ತ ಆಗೂದಿಲ್ಲ. ಅದರ ಕೆಳಗ ಇಳಿಸಿದ್ರ ಮಕಾಡೆ ಬೀಳ್ತೈತಿ."

"ಹಳೇದಕ್ಕಿಂತ ಜೋರ ಇರತೈತಿಲ್ಲೋ?"

"ಅದಕ್ಕೇನ್ ಅನುಮಾನ."

ದಾವಲ್ ಮನೆಗೆ ಬಂದು ಕಾರ್ಡ್ ಕೂರಿಸಿದ ಮೇಲೆ ಪರದೆಯಲ್ಲಿ ಒಂದು ಪ್ರಶ್ನೆ ಮೂಡಿತು. ಈ ಮಿತಿಯಲ್ಲಿ ಒಂದು ಶಬ್ದ ಬಿಡಿಸಲು ನಲವತ್ತು ಸೆಕೆಂಡು ಬೇಕು. ಸಹಜ ಸಂಭಾಷಣೆಗೆ ಐದು ಸೆಕೆಂಡಿನ ಗಡುವು ಇಡುವುದು ಒಳ್ಳೆಯದು. ಗಡುವಿನೊಳಗೆ ಬಿಡಿಸಲಾಗದ್ದನ್ನು ಊಹೆಯಿಂದ ತುಂಬಬಹುದೇ?

"ತುಂಬಸ್ಲ್ಯಾ, ಬ್ಯಾಡೋ?" ದಾವಲನ ಬೆರಳು ಗಾಳಿಯಲ್ಲೇ ನಿಂತಿತ್ತು.

ಕೊರತೆ ಬಿದ್ದಾಗ ಸಣ್ಣ ಲೋಡನ್ನು ಬಿಟ್ಟು ಮುಖ್ಯವಾದದ್ದನ್ನು ಉಳಿಸಿಕೊಳ್ಳುವುದು ಎಲ್ಲ ಕಂಟ್ರೋಲ್ ರೂಮಿನ ಧರ್ಮ. ಯಾವುದು ಸಣ್ಣದು, ಯಾವುದು ಮುಖ್ಯ ಎಂದು ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಫಕೀರೇಶ ಕೇಳಲಿಲ್ಲ. "ತುಂಬಸು," ಎಂದ. "ಎಲ್ಲೋ ಒಂದ್ ಶಬ್ದ, ಎರಡ ಶಬ್ದ. ಏನಾಗತೈತಿ."

ಊಹೆ ಸರಿಯಾಗಬೇಕಾದರೆ ಅವಳ ಮಾತಿನ ವರಸೆ ಕಲಿಸಬೇಕು ಎಂದಿತು ಯಂತ್ರ. ಫಕೀರೇಶ ಹಲವು ಸಂಜೆ ಕುಳಿತು ನೀಲಗಂಗಾ ಹೇಗೆ ಮಾತಾಡುತ್ತಿದ್ದಳೆಂದು ನೆನಪಿಸಿಕೊಂಡು ಬರೆದ. ಊಟ ಆತೇನು. ದಣದೀರಿ, ಮಕ್ಕೋರಿ. ನಾ ಆರಾಮ ಅದೀನಿ. ಬರೆಯುತ್ತ ಹೋದಂತೆ ಅವು ಉದ್ದವಾದವು, ಮೃದುವಾದವು. ಅವಳು ಅಂದದ್ದು ಯಾವುದು, ಅಂದಿದ್ದರೆ ಚೆನ್ನಾಗಿತ್ತು ಎಂದು ತನಗೆ ಅನ್ನಿಸಿದ್ದು ಯಾವುದು ಎಂಬ ಗೆರೆ ಅಳಿಸಿಹೋದದ್ದು ಅವನಿಗೆ ತಿಳಿಯಲಿಲ್ಲ. "ಇರ್ಲಿ" ಎಂಬ ಶಬ್ದ ಅವನ ನೆನಪಿಗೆ ಬರಲಿಲ್ಲ. ಮನೆಯ ಯಜಮಾನರ ಹೆಸರು ಎಂದಿದ್ದಲ್ಲಿ ತನ್ನ ಹೆಸರು ಬರೆದ.

ಸಂಕ್ರಾಂತಿಯ ಮರುದಿನ ಯಂತ್ರ ಸರಾಗವಾಗಿ ಮಾತಾಡಿತು. "ಫಕೀರೇಶ, ದಣದ ಬಂದೀರಿ. ಮೊದಲ ಊಟಾ ಮಾಡ್ರಿ."

ಬಾಗಿಲಲ್ಲಿದ್ದ ಕಸ್ತೂರಿ ಕೈಯಲ್ಲಿನ ಎಳ್ಳು ಹೋಳಿಗೆಯ ತಾಟನ್ನು ಅಲ್ಲೇ ಇಟ್ಟು ಚಪ್ಪಾಳೆ ತಟ್ಟಿದಳು. "ಅಯ್ಯ ನಮ್ಮ ವೈನಿ! ಮದಿವ್ಯಾಗ ಬಾಗಲಾ ಅಡ್ಡಗಟ್ಟಿ ನಿಂತು ಹೆಸರ ಹೇಳು ಅಂದ್ರ ಎಷ್ಟ ಸತಾಯಿಸಿದಿ! ಕಡೀಕೆ ಒಡಪಿನ್ಯಾಗ ಮುಚ್ಚಿ ಹೇಳಿದಿ. ಈಗ ನೋಡು, ಕುಲಾವಿ ಹಾಕ್ಕೊಂಡು ಸೀದಾ ಫಕೀರೇಶ ಅಂತಾಳ. ಎಲ್ಲಾ ನಾಚಿಗಿ ಕಳಕೊಂಡಿ ನೋಡವಾ!"

ಗಂಡನ ಹೆಸರನ್ನು ಸಾಲಿನೊಳಗೆ ಹೊಸೆದು ಹೇಳಿದ ಆ ಒಡಪು ಫಕೀರೇಶನಿಗೂ ನೆನಪಿತ್ತು. ದೀವಿಗಿಗೆ ಎಣ್ಣಿ ಬೇಕು, ಹಣತಿಗೆ ಬತ್ತಿ ಬೇಕು, ಎಣ್ಣಿ ಬತ್ತಿ ಇಲ್ಲದ ಬೆಳಕ ತರೂ ಫಕೀರೇಶರ ಹೆಸರ ಹೇಳತೀನಿ. ತಲೆ ತಗ್ಗಿಸಿ, ಅಂಗಳದ ಹೆಂಗಸರೆಲ್ಲ ನಗುವಂತೆ, ಒಂದೇ ಉಸಿರಿನಲ್ಲಿ ಅಂದಿದ್ದಳು. ಆಮೇಲೆ ಅವಳ ಬಾಯಲ್ಲಿ ಆ ಹೆಸರು ಬಂದಿರಲಿಲ್ಲ. ಈಗ ಕೇಳಿ ಅವನ ಕಿವಿ ಬೆಚ್ಚಗಾಯಿತು. ಐವತ್ತರ ಹತ್ತಿರ ಬಂದವನು ಹೊಸ ಮದುಮಗನಂತೆ ಗೋಡೆಯ ಕಡೆ ಮುಖ ತಿರುಗಿಸಿದ. ಕಟ್ಟಿಹಾಕಿದ ಕಾರ್ಡು, ಪ್ರೊಸೆಸರು ಎಲ್ಲ ಕೂಡಿ ಮುಳ್ಳು ನೂರ ಅರವತ್ತರಲ್ಲಿ ನಡುಗುತ್ತ ನಿಂತಿದ್ದುದು ಅವನ ಕಣ್ಣಿಗೆ ಬಿತ್ತು. ತಂತಿ ಮುಟ್ಟಿ ನೋಡಿದ. ಬೆಚ್ಚಗಿತ್ತು, ಬಿಸಿಯಾಗಿರಲಿಲ್ಲ.

ಮೊದಲ ವಾರಗಳೆಲ್ಲ ಹಾಗೆಯೇ. ಮುಳ್ಳು ಮುಂಜಾನೆಯಿಂದ ಮಲಗುವ ತನಕ ಆ ನೂರ ಅರವತ್ತರ ಮಿತಿಗೆ ತಾಗಿಕೊಂಡೇ ಇರುತ್ತಿತ್ತು, ಕಾರ್ಡಿನ ಫ್ಯಾನು ಜೇನು ಎದ್ದಂತೆ ಗುಂಯ್‌ಗುಡುತ್ತಿತ್ತು. ಹೊಸ ಕಾರ್ಡು ಅವಳ ಮಾತನ್ನು ಕಲಿಯುತ್ತಿರಬೇಕು, ಅದಕ್ಕೆ ಇಷ್ಟು ದುಡಿಯುತ್ತಿದೆ ಎಂದುಕೊಂಡ ಫಕೀರೇಶ. ಮನೆಯಲ್ಲಿ ಮಾತು ತುಂಬಿತು. ನೆಂಟರು ಬಂದರೆ ನೀಲಗಂಗಾಳ ದನಿ ಚಹಾ ಕೊಡಲು ಹೇಳುತ್ತಿತ್ತು, ಮಕ್ಕಳ ಕ್ಷೇಮ ಕೇಳುತ್ತಿತ್ತು. ಕಸ್ತೂರಿ ಓಣಿಯ ಸುದ್ದಿಯನ್ನೆಲ್ಲ ತಂದು ಸುರಿಯುತ್ತಿದ್ದಳು; "ಹೌದೇನ? ಆಮ್ಯಾಲ?" ಎಂದು ಹಾಸಿಗೆಯ ಕಡೆಯಿಂದ ದನಿ ಬರುತ್ತಿತ್ತು.

"ಬ್ಯಾನಿ ಬಂದಮ್ಯಾಲ ವೈನಿ ಮಾತ ಕಲತ್ಲು ನೋಡಣ್ಣ," ಎಂದಳು ಕಸ್ತೂರಿ ಒಂದು ದಿನ. "ಮೊದಲ ಹತ್ತ ಮಾತಿಗೆ ಒಂದ ಮಾತ ಆಡ್ತಿದ್ಲು."

ಶಿವರಾತ್ರಿ ಕಳೆದ ಮೇಲೆ ಮುಳ್ಳು ಇಳಿಯತೊಡಗಿತು. ಮೊದಲು ನಡುನಡುವೆ, ಆಮೇಲೆ ಅರ್ಧ ದಿನ. ಯುಗಾದಿಯ ಹೊತ್ತಿಗೆ ಅದು ಹೆಚ್ಚುಕಡಿಮೆ ಇಡೀ ದಿನ ಎಪ್ಪತ್ತರಲ್ಲೇ ಇರುತ್ತಿತ್ತು. ಮಾತು ಮಾತ್ರ ಮೊದಲಿನಷ್ಟೇ ಸರಾಗ. ಈ ಸಂಗತಿಯನ್ನು ಫಕೀರೇಶ ಕಂಟ್ರೋಲ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡ.

"ಲೋಡ್ ತಾನ ಇಳದೈತ್ರಿ ಪತ್ತಾರ. ಮಷಿನ್ ಆಕಿ ಮಾತಿಗೆ ಹೊಂದ್ಕೊಂಡೈತಿ. ಈಗ ತ್ರಾಸ ಇಲ್ಲ."

"ಚಲೋ ಆತು ಬಿಡ್ರಿ." ಪತ್ತಾರ ಪ್ಯಾನೆಲ್ಲಿನ ಕಡೆ ಗದ್ದ ತೋರಿಸಿದ. "ನಮ್ಮ ಕಲ್ಲಬಾವೀನೂ ಹಂಗ. ಮೊದಲ ವಾರಕ್ಕೊಂದರ ಫೋನ್ ಬರ್ತಿತ್ತು, ಯಾವಾಗ ಕೊಡ್ತೀರಿ ಅಂತ. ಈಗ ಪೂರಾ ಶಾಂತ. ಹೊಂದ್ಕೊಂಡಾರ."

ಆ ಬೇಸಿಗೆಯಲ್ಲಿ ನೀಲಗಂಗಾಳ ಸೊಂಟದ ಕೆಳಗೆ ಒಂದು ಕಡೆ ಚರ್ಮ ಕಂದುಗಟ್ಟಿತು. ಮೈ ಒರೆಸುತ್ತಿದ್ದ ಕಸ್ತೂರಿ ಅದನ್ನು ಕಂಡು, "ವೈನಿ, ಇಲ್ಲಿ ನೋಯತೈತೇನು?" ಎಂದು ಕೇಳಿದಳು. "ಏನ ಇಲ್ಲ, ಆರಾಮ ಅದೀನಿ," ಎಂದಿತು ದನಿ. ಮರುವಾರ ಮತ್ತೆ ಕೇಳಿದಳು. ಅದೇ ಉತ್ತರ. ಮಲಗಿದಲ್ಲೇ ಇರುವವರ ಹುಣ್ಣು ಎಲುಬಿನ ಕಡೆಯಿಂದ ಶುರುವಾಗುತ್ತದೆ. ಒಳಗೆ ಕೊಳೆತು ಮುಗಿಯುವ ತನಕ ಮೇಲಿನ ಚರ್ಮ ಗುಟ್ಟು ಬಿಟ್ಟುಕೊಡುವುದಿಲ್ಲ. ಒಂದು ದಿನ ಹಾಸಿಗೆಯಿಂದ ವಾಸನೆ ಬಂತು. ಡಾಕ್ಟರ್ ಮೇಡಂ ಮನೆಗೇ ಬಂದರು. ಮಗ್ಗುಲಿಗೆ ಹೊರಳಿಸಿ ನೋಡಿದರು.

"ಎಲುಬಿಗೆ ಮುಟ್ಟೇದ," ಎಂದರು. "ಇಷ್ಟ ಆಗೂತನಾ ಏನ್ ಮಾಡ್ತಿದ್ರಿ? ಇವರು ಹೇಳಲಿಲ್ಲೇನು?"

"ಕೇಳೇವ್ರಿ ಮೇಡಂ. ನೋಯೂದಿಲ್ಲ ಅಂದ್ಲು," ಎಂದಳು ಕಸ್ತೂರಿ.

"ಹೆಂಗ ನೋಯೂದಿಲ್ಲ? ಇವರಿಗೆ ಸ್ಪರ್ಶ ಪೂರಾ ಅದ."

ಕೊಳೆತ ಭಾಗವನ್ನು ತೆಗೆದು ತೊಳೆಯಬೇಕಿತ್ತು. ಮೇಡಂ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸೋಂಕು ಇರುವಲ್ಲಿ ಮದ್ದು ಪೂರ್ತಿ ಹಿಡಿಯುವುದಿಲ್ಲ, ಸ್ವಲ್ಪ ತಡೆದುಕೊಳ್ಳಮ್ಮಾ ಎಂದರು. ಫಕೀರೇಶ ಹೆಂಡತಿಯ ತಲೆ ಹಿಡಿದು ನಿಂತಿದ್ದ. ಅವಳ ಕಣ್ಣು ಅರೆ ತೆರೆದು ಗೋಡೆ ನೋಡುತ್ತಿದ್ದವು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಕತ್ತರಿ ತಾಗಿದ ಕೂಡಲೇ ಕಾರ್ಡಿನ ಫ್ಯಾನು ಗುಂಯ್‌ಗುಟ್ಟಿತು.

ಫಕೀರೇಶ ತಲೆಯೆತ್ತಿದ. ಎಪ್ಪತ್ತರಲ್ಲಿದ್ದ ಮುಳ್ಳು ನೂರು ದಾಟಿತು, ನೂರ ಮೂವತ್ತು ದಾಟಿತು, ನೂರ ಅರವತ್ತಕ್ಕೆ ಹೋಗಿ ಅಲ್ಲೇ ತಲೆ ಚಚ್ಚಿಕೊಳ್ಳುವಂತೆ ನಡುಗತೊಡಗಿತು. ಅದೇ ಕ್ಷಣದಲ್ಲಿ ಕಪಾಟಿನ ಪಕ್ಕದಿಂದ ನೀಲಗಂಗಾಳ ದನಿ, ತಣ್ಣಗೆ, ನಯವಾಗಿ ಬಂತು. "ಆರಾಮ ಅದೀನ್ರಿ ಮೇಡಂ. ನೀವು ಚಹಾ ತಗೊಂಡ ಹೋಗ್ರಿ."

ಮೇಡಂ ಕತ್ತರಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ಮುಳ್ಳು ನಿಧಾನಕ್ಕೆ ಇಳಿಯಿತು. ಮತ್ತೆ ಕತ್ತರಿ ತಾಗಿತು, ಮತ್ತೆ ಏರಿತು. "ಆರಾಮ ಅದೀನಿ," ಎಂದಿತು ದನಿ.

"ಅಣ್ಣ, ಅದನ್ನ ಬಂದ್ ಮಾಡು!" ಎಂದು ಕಸ್ತೂರಿ ಚೀರಿದಳು. ಅವನು ಸ್ಪೀಕರಿನ ತಂತಿ ಕಿತ್ತ. ಆಮೇಲೆ ಆ ಕೋಣೆಯಲ್ಲಿ ಕೇಳಿಸಿದ್ದು ಫ್ಯಾನಿನ ಸದ್ದು ಮಾತ್ರ. ಕೆಲಸ ಮುಗಿಯುವ ತನಕ ಅದು ನಿಲ್ಲಲಿಲ್ಲ.

ಕಂಟ್ರೋಲ್ ರೂಮಿನಲ್ಲಿ ಮೀಟರು ಓದುವವನಿಗೆ ಇನ್ನೇನೂ ಯಾರೂ ವಿವರಿಸಬೇಕಾಗಿರಲಿಲ್ಲ. ಮುಳ್ಳು ಏರಿದರೆ ಅವಳು ಹೇಳುತ್ತಿದ್ದಾಳೆ. ಸಂಕ್ರಾಂತಿಯಿಂದ ಶಿವರಾತ್ರಿಯ ತನಕ ಮುಳ್ಳು ಇಡೀ ದಿನ ಮಿತಿಗೆ ತಾಗಿಕೊಂಡಿದ್ದಾಗ ಅವಳು ಇಡೀ ದಿನ ಹೇಳುತ್ತಿದ್ದಳು. ಒಂದೊಂದು ಶಬ್ದಕ್ಕೂ ನಲವತ್ತು ಸೆಕೆಂಡು ಬೇಕಿತ್ತು, ಐದು ಸೆಕೆಂಡಿಗೆ ಯಂತ್ರ ಅವಳ ಬಾಯಿಂದ ಅದನ್ನು ಕಿತ್ತುಕೊಂಡು ಗಂಡ ಬರೆದುಕೊಟ್ಟದ್ದನ್ನು ಓದುತ್ತಿತ್ತು, ಅವಳದೇ ದನಿಯಲ್ಲಿ, ಅವಳದೇ ಕಿವಿಗೆ ಕೇಳುವಂತೆ. ಊಹೆಗೆ ಕಾರ್ಡು ಬೇಕಿಲ್ಲ, ವಿದ್ಯುತ್ತೂ ಹೆಚ್ಚು ಬೇಕಿಲ್ಲ. ಯುಗಾದಿಯ ಹೊತ್ತಿಗೆ ಮುಳ್ಳು ಇಳಿದದ್ದು ಯಂತ್ರ ಹೊಂದಿಕೊಂಡದ್ದರಿಂದಲ್ಲ.

ದಾವಲ್ ಬಂದು ಪರದೆಯ ಮುಂದೆ ಕುಳಿತ.

"ಕಾರ್ಡಿಗೆ ಪೂರಾ ಕರೆಂಟ್ ಕೊಡೂ ದಾರಿ ಐತೇನೋ?" ಎಂದು ಕೇಳಿದ ಫಕೀರೇಶ. "ಕಾನೂನು ಬಿಡು. ಹ್ಯಾಂಗರ ಮಾಡಿ ಕೊಡು."

"ಅದೇನ ಬೇಕಿಲ್ರಿ ಸಾಹೇಬ್ರ." ದಾವಲ್ ಅವನ ಮುಖ ನೋಡದೆ ಹೇಳಿದ. "ಗಡುವು ತಗದ್ರ ಆತು. ಊಹೆ ಬಂದ್ ಮಾಡಿದ್ರ ಆತು. ಇದ ಡಬ್ಬಿ, ಇದ ಅರವತ್ತೈದು ವ್ಯಾಟ್, ಇದರಾಗ ಆಕಿ ಮಾತ ಬರತೈತಿ. ಬರೇ ನಲವತ್ತ ಸೆಕೆಂಡ್ ಕಾಯಬೇಕು, ಅಷ್ಟ."

ಅಷ್ಟೇ. ಹಳೆಯ ಕಾರ್ಡಿಗೆ ನಾಲ್ಕು ನಿಮಿಷ ಕಾದವನು ಹೊಸದಕ್ಕೆ ನಲವತ್ತು ಸೆಕೆಂಡು ಕಾದಿದ್ದರೆ ಸಾಕಿತ್ತು. ವಿದ್ಯುತ್ತು ಎಂದೂ ಕಡಿಮೆ ಬಿದ್ದಿರಲಿಲ್ಲ.

ಗಡುವು ತೆಗೆದರು. ಸ್ಪೀಕರ್ ಮತ್ತೆ ಜೋಡಿಸಿದರು. ಫಕೀರೇಶ ರಜೆ ಹಾಕಿ ಹಾಸಿಗೆಯ ಪಕ್ಕ ಕುಳಿತ.

"ನೀಲಾ," ಎಂದ. "ಈಗ ಮಷಿನ್ ನಡುವ ಬಾಯಿ ಹಾಕೂದಿಲ್ಲ. ನೀ ಅಂದದ್ದ ಬರತೈತಿ. ಸಾವಕಾಶ ಹೇಳು."

ಮುಳ್ಳು ಎಪ್ಪತ್ತರಲ್ಲಿತ್ತು.

"ಬೈ ಬೇಕಂದ್ರ ಬೈ. ನಾ ಎಲ್ಲೂ ಹೋಗೂದಿಲ್ಲ."

ಎಪ್ಪತ್ತು.

ಹುಣ್ಣು ತೊಳೆಯುವಾಗ ಮುಳ್ಳು ಏರುತ್ತಿತ್ತು; ಆಗ ಬಿಡಿಸಿದರೆ ಶಬ್ದ ಸಿಗುತ್ತಿರಲಿಲ್ಲ, ಶಬ್ದವಾಗದ ಏನೋ ಒಂದು, ಯಂತ್ರಕ್ಕೆ ಓದಲು ಬಾರದ್ದು. ತೊಳೆದು ಮುಗಿದರೆ ಮತ್ತೆ ಎಪ್ಪತ್ತು. ದಿನಗಳು ಹೋದವು. ಎಲ್ಲ ಮಾತೂ ನಿಂತುಹೋದ ಮನೆಯಲ್ಲಿ ಕುಕ್ಕರಿನ ಸೀಟಿಗೆ ಕೂಡ ಎದೆ ಧಸಕ್ಕೆನ್ನುತ್ತಿತ್ತು. ಕಸ್ತೂರಿಗೆ ತಾಳಲಾಗಲಿಲ್ಲ.

"ಅಣ್ಣ, ಮೊದಲಿನಂಗ ಹಚ್ಚಿಬಿಡು," ಎಂದಳು ಒಂದು ಮಧ್ಯಾಹ್ನ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಸುಳ್ಳರ ಆಗವಲ್ದ್ಯಾಕ, ಮನ್ಯಾಗ ಒಂದ್ ದನಿ ಇತ್ತು. ಈಗ ಮನಿ ಬಿಕೋ ಅನ್ನಾಕತ್ತೈತಿ."

"ಆ ದನಿ ಆಕಿಗೂ ಕೇಳಸ್ತಿತ್ತು ಕಸ್ತೂರಿ."

ಕಸ್ತೂರಿ ಹಾಸಿಗೆಯ ಕಡೆ ನೋಡಿದಳು. ಆಮೇಲೆ ಆ ಮಾತು ಎತ್ತಲಿಲ್ಲ.

ರಜೆ ಮುಗಿದು ಕೆಲಸಕ್ಕೆ ಹೋದ ದಿನವೇ ಮೇಲಿನಿಂದ ಲೋಡ್ ಇಳಿಸುವ ಫೋನ್ ಬಂತು. ಪತ್ತಾರ ಎಂದಿನಂತೆ, "ಕಲ್ಲಬಾವಿ ತಗೀಲ್ಯಾ?" ಎಂದ. ಫಕೀರೇಶ ತಡಿ ಎಂದು ಕೈ ಮಾಡಿದ. ಕಂಟ್ರೋಲ್ ರೂಮಿನಿಂದ ಊರಿಗೆ ಫೋನ್ ಮಾಡುವ ರೂಢಿಯೇ ಇರಲಿಲ್ಲ. ಊರುಗಳು ಫೋನ್ ಮಾಡುತ್ತವೆ, ಕಂಟ್ರೋಲ್ ರೂಮು ಎತ್ತುತ್ತದೆ ಅಥವಾ ಎತ್ತುವುದಿಲ್ಲ. ಹಿಂದೆ ಅಲ್ಲಿಂದ ಬರುತ್ತಿದ್ದ ಒಂದು ನಂಬರನ್ನು ಹುಡುಕಿ ಒತ್ತಿದ. ಬಹಳ ಹೊತ್ತಿನ ಮೇಲೆ ಒಬ್ಬ ಹೆಂಗಸು ಎತ್ತಿದಳು.

"ಸಬ್‌ಸ್ಟೇಷನ್ನಿಂದ ಮಾತಾಡಾಕತ್ತೀನ್ರಿ ಯವ್ವಾ. ನಿಮ್ಮಲ್ಲಿ ಈಗ ಕರೆಂಟ್ ಐತೇನು?"

"ಐತೋ ಇಲ್ಲೋ ಯಾರಿಗ್ಗೊತ್ತೋ ಯಪ್ಪಾ," ಎಂದಳು ಆಕೆ. ಸಿಟ್ಟಿರಲಿಲ್ಲ ದನಿಯಲ್ಲಿ. "ನಾವು ಸ್ವಿಚ್ ಒತ್ತೂದ ಬಿಟ್ಟೇವಿ."

ಅವತ್ತು ಅವನು ಕಲ್ಲಬಾವಿಯನ್ನು ತೆಗೆಯಲಿಲ್ಲ, ಸರದಿಯಂತೆ ಬೇರೆ ಊರನ್ನು ತೆಗೆದ. ಆ ಊರಿನವರು ಫೋನ್ ಮಾಡಿ ಬೈದರು. ಕಲ್ಲಬಾವಿಯ ಮುಳ್ಳು ಸೊನ್ನೆಗಿಂತ ಚೂರೇ ಚೂರು ಮೇಲೆ ನಿಂತಿತ್ತು. ವಿದ್ಯುತ್ ಇತ್ತು, ಎಳೆಯುವವರು ಇರಲಿಲ್ಲ.

ಹುಣ್ಣಿನ ವಿಷ ರಕ್ತಕ್ಕೆ ಸೇರುತ್ತಿದೆ ಎಂದು ಮೇಡಂ ಹೇಳಿದ ಮೇಲಿನ ಒಂದು ಸಂಜೆ. ಫಕೀರೇಶ ಅವಳ ತುಟಿಗೆ ಒದ್ದೆ ಹತ್ತಿ ಒತ್ತುತ್ತಿದ್ದ. ಬಾಯಲ್ಲಿ ಟಾಚಣಿ ಕಚ್ಚುತ್ತಿದ್ದ ಜಾಗದಲ್ಲಿ ತುಟಿಯ ಮೇಲೆ ಹಳೆಯದೊಂದು ಸಣ್ಣ ಗಂಟು ಇತ್ತು. ಅದನ್ನು ಅವನು ಇಷ್ಟು ವರ್ಷ ನೋಡಿರಲಿಲ್ಲ. ಹತ್ತಿ ಅಲ್ಲಿ ತಾಗಿದಾಗ ಫ್ಯಾನು ಮೆಲ್ಲಗೆ ಸದ್ದು ಮಾಡಿತು.

ಮುಳ್ಳು ಎದ್ದಿತ್ತು. ಎಂಬತ್ತು, ತೊಂಬತ್ತು, ನೂರ ಹತ್ತು. ನೋವಿನ ಏರಿಕೆ ಅದಲ್ಲ; ಅದು ಥಟ್ಟನೆ ಹಾರುತ್ತಿತ್ತು. ಇದು ಹಳೆಯ ಕಾರ್ಡಿನ ದಿನಗಳಲ್ಲಿ ಇದ್ದಂತೆ ಒಂದೊಂದೇ ಮೆಟ್ಟಿಲು ಹತ್ತುತ್ತಿತ್ತು. "ಕಸ್ತೂರಿ," ಎಂದು ಕೂಗಲು ಬಾಯಿ ತೆರೆದವನು ಕೂಗಲಿಲ್ಲ. ಹತ್ತಿ ಕೈಯಲ್ಲೇ ಇತ್ತು. ನಲವತ್ತು ಸೆಕೆಂಡು ಎಷ್ಟು ಚಿಕ್ಕದೆಂದು ಅವನಿಗೆ ಆಗ ಗೊತ್ತಾಯಿತು. ಒಮ್ಮೆ ನೀರು ಕುಡಿದು ಲೋಟ ಇಡುವಷ್ಟು.

"ಇರ್ಲಿ," ಎಂದಿತು ದನಿ.

ಅವನು ಬರೆದುಕೊಟ್ಟ ಮಾತಲ್ಲ ಅದು. ಮುಳ್ಳು ಇಳಿಯತೊಡಗಿತು.

"ನೀಲಾ, ಇರ್ಲಿ ಅಂದ್ರ ಏನು?" ಎಂದು ಕೇಳಿದ. "ಸಿಟ್ಟೇನು? ಏನ್ ಅದು? ಹೇಳು, ನಾ ಕಾಯ್ತೀನಿ."

ಅವನು ಕಾದ. ಒಳಗೆ ದೀಪ ಹಚ್ಚಿದ ಕಸ್ತೂರಿ ಬಾಗಿಲಿಗೆ ಬಂದು ನಿಂತು, ಮೀಟರು ನೋಡಿ ಹಿಂದಕ್ಕೆ ಹೋದಳು. ಅವನು ಕಾಯುತ್ತಲೇ ಇದ್ದ. ಮುಳ್ಳು ಎಪ್ಪತ್ತಕ್ಕೆ ಬಂದು ನಿಂತಿತ್ತು. ಯಾರೂ ಏನೂ ಹೇಳದಿರುವಾಗ, ಯಂತ್ರ ಬರೇ ತಾನು ಚಾಲೂ ಇರಲೆಂದು ತಿನ್ನುವುದು ಅಷ್ಟು.